ವಿಂಡೋಸ್ 10 ಬಿಡಬೇಕಾ? ತೀರ್ಮಾನ ಮಾಡೋ ಮುಂಚೆ ಇದನ್ನು ಓದಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಗಿನಿಂದ ಗೆಳೆಯರು, ಓದುಗರು, ದೂರದ ನೆಂಟರು ಎಲ್ಲರದ್ದೂ ಒಂದೇ ಪ್ರಶ್ನೆ: "ಹನ್ನೊಂದಕ್ಕೆ ಹೋಗ್ಬೇಕಾ, ಇಲ್ಲೇ ಇದ್ರೆ ಏನಾಗುತ್ತೆ?" ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರ ಪಾಡೇ ಹೀಗೆ. ಬಜೆಟ್ ವಿಶ್ಲೇಷಣೆ ಬರೆದರೂ ಲ್ಯಾಪ್‌ಟಾಪ್ ವಿಚಾರಣೆ ತಪ್ಪುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಬೆಂಬಲ ಮುಗಿಯಿತು ಅಂದರೆ ಕಂಪ್ಯೂಟರ್ ಕೆಟ್ಟಿತು ಅಂತಲ್ಲ. ನಿಮ್ಮ ಮೆಷಿನ್ ನಿನ್ನೆಯಂತೆ ಇವತ್ತೂ ಆನ್ ಆಗುತ್ತೆ, ಫೈಲ್ ತೆರೆಯುತ್ತೆ, ಸಿನಿಮಾ ತೋರಿಸುತ್ತೆ. ನಿಂತಿರುವುದು ತಿಂಗಳಿಗೊಮ್ಮೆ ಬರುತ್ತಿದ್ದ ಭದ್ರತಾ ತೇಪೆ, ಅಂದರೆ ಸೆಕ್ಯುರಿಟಿ ಅಪ್‌ಡೇಟ್. ಅದು ನಿಂತರೆ ಏನಾಗುತ್ತೆ ಅನ್ನುವುದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ.

ತೇಪೆ ಇಲ್ಲದಿದ್ದರೆ

2017ರ ಮೇ 12ರಂದು 'ವಾನ್ನಕ್ರೈ' ಎಂಬ ರಾನ್ಸಮ್‌ವೇರ್ ಜಗತ್ತಿನ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳು ರದ್ದಾದವು. ನಮ್ಮ ಪಕ್ಕದಲ್ಲೇ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳು, ಕೇರಳದ ಕೆಲವು ಪಂಚಾಯಿತಿ ಕಚೇರಿಗಳು ಸಿಕ್ಕಿಬಿದ್ದವು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲೇ, ತೇಪೆ ಬಿಟ್ಟಿತ್ತು. ಹೊಡೆತ ತಿಂದ ಬಹುಪಾಲು ಮೆಷಿನ್‌ಗಳಲ್ಲಿ ಇದ್ದದ್ದು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7. ಆದರೆ ತೇಪೆ ಹಾಕಿಕೊಂಡಿರಲಿಲ್ಲ. ಆ ಬಿರುಕನ್ನು ಮೊದಲು ಪತ್ತೆಹಚ್ಚಿ ಬಚ್ಚಿಟ್ಟುಕೊಂಡಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ. ಅದರ ಕೈಯಿಂದ ಸೋರಿದ ಮೇಲೆ ಕಳ್ಳರ ಪಾಲಾಯಿತು. ಅದು ಬೇರೆಯದೇ ಕಥೆ, ಇನ್ನೊಮ್ಮೆ ಬರೆಯಬೇಕು.

ವಿಂಡೋಸ್ 10ರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 10 ಮತ್ತು 11 ಒಳಗಡೆ ದೊಡ್ಡ ಮಟ್ಟಿಗೆ ಒಂದೇ ಕೋಡ್. ಹನ್ನೊಂದಕ್ಕೆ ಪ್ರತಿ ತಿಂಗಳು ತೇಪೆ ಬಂದಾಗ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಅಂತ ತಿಳಿದವರಿಗೆ ಗೊತ್ತಾಗುತ್ತೆ. ಅದೇ ತೂತು ಹತ್ತರಲ್ಲಿ ಮುಚ್ಚದೆ ಹಾಗೇ ಉಳಿದಿರುತ್ತೆ. ಹಾಗಾಗಿ "ಇಷ್ಟು ದಿನ ಏನೂ ಆಗಿಲ್ವಲ್ಲ" ಅನ್ನೋ ವಾದ ಇಲ್ಲಿ ನಡೆಯಲ್ಲ. ಅಪಾಯ ತಿಂಗಳು ತಿಂಗಳಿಗೆ ಕೂಡುತ್ತಾ ಹೋಗುತ್ತೆ.

ಆಂಟಿವೈರಸ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ವಿಂಡೋಸ್ 10ರ ಡಿಫೆಂಡರ್‌ಗೆ ವೈರಸ್ ಪಟ್ಟಿಯ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೂ ಬರುತ್ತೆ, ನಿಜ. ಅದು ಕಾವಲುಗಾರನಿಗೆ ಹೊಸ ಕಳ್ಳರ ಫೋಟೊ ಕೊಟ್ಟ ಹಾಗೆ. ಒಡೆದ ಗೋಡೆಗೆ ಸಿಮೆಂಟ್ ಹಾಕಿದ ಹಾಗಲ್ಲ. ಬ್ರೌಸರ್ ಇನ್ನೊಂದು ಗಡಿಯಾರ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿದರೂ ಕ್ರೋಮ್ ಅದನ್ನು ಪೂರ್ತಿ ಕೈಬಿಟ್ಟಿದ್ದು 2023ರ ಆರಂಭದಲ್ಲಿ. ಬ್ಯಾಂಕ್, ಸರ್ಕಾರಿ ಪೋರ್ಟಲ್ ಎಲ್ಲ ಬ್ರೌಸರ್ ಮೂಲಕವೇ ನಡೆಯುವಾಗ, ನಿಮ್ಮ ಬ್ರೌಸರ್‌ಗೆ ಅಪ್‌ಡೇಟ್ ನಿಂತ ದಿನ ಆ ಮೆಷಿನ್ ಅನ್ನು ಇಂಟರ್ನೆಟ್‌ನಿಂದ ಬಿಡಿಸಲೇಬೇಕು. ನೆಟ್‌ಗೆ ಜೋಡಿಸದೆ ಬರೀ ಟೈಪಿಂಗಿಗೋ ಹಳೇ ಪ್ರಿಂಟರ್‌ಗೋ ಇಟ್ಟುಕೊಂಡ ಕಂಪ್ಯೂಟರ್ ಆದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಪೆನ್‌ಡ್ರೈವ್ ಬಗ್ಗೆ ಹುಷಾರಾಗಿದ್ದರೆ ಸಾಕು.

ನಿಮ್ಮ ಮೆಷಿನ್‌ಗೆ ಟಿಕೆಟ್ ಇದೆಯಾ?

ಹಿಂದೆಲ್ಲ ಹೊಸ ವಿಂಡೋಸ್ ಬಂದಾಗ ಪ್ರಶ್ನೆ ಇದ್ದದ್ದು "ನಿಧಾನ ಆಗುತ್ತಾ" ಅಂತ ಮಾತ್ರ. ಈ ಸಲ ಗೇಟಿನಲ್ಲೇ ತಡೆಯುತ್ತಾರೆ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, 64 ಬಿಟ್ ಪ್ರೊಸೆಸರ್ ಎಲ್ಲ ಸುಲಭದ ಷರತ್ತು. ಜನ ಸಿಕ್ಕಿಹಾಕಿಕೊಳ್ಳೋದು ಎರಡು ಕಡೆ: ಟಿಪಿಎಂ 2.0 ಮತ್ತು ಪ್ರೊಸೆಸರ್ ತಲೆಮಾರು.

ಟಿಪಿಎಂ ಅಂದರೆ ಗೂಢಲಿಪಿಯ ಕೀಲಿಗಳನ್ನು ಉಳಿದ ಕಂಪ್ಯೂಟರ್‌ನಿಂದ ಪ್ರತ್ಯೇಕವಾಗಿ ಕಾಪಾಡುವ ಪುಟ್ಟ ತಿಜೋರಿ. ಬಹಳ ಮೆಷಿನ್‌ಗಳಲ್ಲಿ ಇದು ಪ್ರತ್ಯೇಕ ಚಿಪ್ ಆಗಿರದೆ ಪ್ರೊಸೆಸರ್ ಜೊತೆಗೇ ಬಂದಿರುತ್ತೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಿನಲ್ಲಿ. ಅಂಗಡಿಯಲ್ಲಿ ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಇದು ಇದ್ದರೂ ಬಯಾಸ್‌ನಲ್ಲಿ ಆಫ್ ಆಗಿರುತ್ತೆ. "ನಿಮ್ಮ ಪಿಸಿ ಅರ್ಹವಲ್ಲ" ಅಂತ ಬಂದ ತಕ್ಷಣ ಹೊಸದು ಕೊಳ್ಳಲು ಓಡುವ ಮುಂಚೆ ಇದನ್ನು ನೋಡಿ. ಐದು ನಿಮಿಷದ ಕೆಲಸಕ್ಕೆ ಐವತ್ತು ಸಾವಿರ ಖರ್ಚು ಮಾಡೋದು ಬೇಡ. ಮೈಕ್ರೋಸಾಫ್ಟ್‌ನದ್ದೇ 'ಪಿಸಿ ಹೆಲ್ತ್ ಚೆಕ್' ಆ್ಯಪ್ ಉಚಿತವಾಗಿ ಸಿಗುತ್ತೆ, ಯಾವ ಷರತ್ತಿನಲ್ಲಿ ಸೋತಿದ್ದೀರಿ ಅಂತ ಬಿಡಿಸಿ ಹೇಳುತ್ತೆ.

ಪ್ರೊಸೆಸರ್‌ನಲ್ಲಿ ಸೋತರೆ ಮಾತ್ರ ಬಯಾಸ್‌ನಿಂದ ಪರಿಹಾರ ಇಲ್ಲ. ಇಂಟೆಲ್ ಕೋರ್ ಸರಣಿಯಲ್ಲಿ ಎಂಟನೇ ತಲೆಮಾರಿನಿಂದ ಮೇಲಕ್ಕೆ. ಐ5-8250ಯು ಅಂತಿದ್ದರೆ ಎಂಟನೇದು, ಒಳಗೆ. ಐ5-7200ಯು ಅಂತಿದ್ದರೆ ಏಳನೇದು, ಹೊರಗೆ. ಏಳನೇ ತಲೆಮಾರಿನಲ್ಲಿ ಬೆರಳೆಣಿಕೆಯಷ್ಟಕ್ಕೆ ವಿನಾಯಿತಿ ಸಿಕ್ಕಿದೆ, ಅದರಲ್ಲಿ ಮೈಕ್ರೋಸಾಫ್ಟ್ ತಾನೇ ಮಾರಿದ ಸರ್ಫೇಸ್ ಸ್ಟುಡಿಯೊ 2ರೊಳಗಿನ ಪ್ರೊಸೆಸರ್ ಕೂಡ ಒಂದು. ನಗಬೇಕೋ ಅಳಬೇಕೋ ನೀವೇ ಹೇಳಿ. ಎಎಂಡಿ ರೈಜೆನ್‌ನಲ್ಲಿ ಸುಮಾರಾಗಿ 2000ದ ಸರಣಿಯ ನಂತರದವು, ಅದರಲ್ಲೂ ಕೆಲವು ಬಿಟ್ಟುಹೋಗಿವೆ, ಪಟ್ಟಿ ನೋಡಿಯೇ ಹೇಳಬೇಕು. ಒಟ್ಟಾರೆ 2017ಕ್ಕೆ ಮುಂಚಿನ ಲ್ಯಾಪ್‌ಟಾಪ್ ಆದರೆ ಆಸೆ ಬಿಡಿ. 2018-19ರದ್ದಾದರೆ ಚೆಕ್ ಮಾಡಿ.

ಇನ್ನೊಂದು, ಕಡಿಮೆ ಜನಕ್ಕೆ ಗೊತ್ತಿರುವ ವಿಷಯ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್ ಕಾಲದ ಬಿಲ್ಲಿಂಗ್ ಸಾಫ್ಟ್‌ವೇರನ್ನು 32 ಬಿಟ್ ವಿಂಡೋಸ್ 10ರಲ್ಲಿ ಇನ್ನೂ ಎಳೆದಾಡಿಕೊಂಡು ಬಂದಿರುವ ಅಂಗಡಿ, ಪ್ರೆಸ್‌ಗಳಿವೆ. ಅಂಥ 16 ಬಿಟ್ ಪ್ರೋಗ್ರಾಮ್‌ಗಳು ಹನ್ನೊಂದರಲ್ಲಿ ನೇರವಾಗಿ ಓಡುವುದಿಲ್ಲ. 32 ಬಿಟ್ ಡ್ರೈವರ್ ಮಾತ್ರ ಇರುವ ಹಳೇ ಪ್ರಿಂಟರ್, ಸ್ಕ್ಯಾನರ್ ಕೂಡ ಕೈಕೊಡುತ್ತವೆ. ನಿಮ್ಮ ಮನೆಯವರ ಅಂಗಡಿಯಲ್ಲಿ ಇಂಥದ್ದಿದ್ದರೆ ಮೊದಲು ಅದರ ದಾರಿ ನೋಡಿ, ಆಮೇಲೆ ಅಪ್‌ಗ್ರೇಡ್.

ಅರ್ಹವಾಗಿದ್ದರೆ

ಹೋಗಿ. ನನ್ನ ಅಭಿಪ್ರಾಯ ನೇರವಾಗಿ ಇಷ್ಟೇ. ಹನ್ನೊಂದು ಹತ್ತಕ್ಕಿಂತ ಚಂದ ಅಂತಲ್ಲ. ಅಸಲಿ ವಿಂಡೋಸ್ 10 ಇದ್ದವರಿಗೆ ಅಪ್‌ಗ್ರೇಡ್ ಉಚಿತ, ತೇಪೆ ಸಿಗುತ್ತೆ, ಅದಕ್ಕೆ. ಇಷ್ಟವಾಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನಿಂದಲೇ ಹಿಂದಕ್ಕೆ ಬರಬಹುದು. ಆದರೆ ಹಿಂದಕ್ಕೆ ಬರುವ ದಾರಿಯನ್ನು ನಂಬಿ ಬ್ಯಾಕಪ್ ಇಲ್ಲದೆ ಹೊರಡಬೇಡಿ.

4 ಜಿಬಿ ರ‍್ಯಾಮ್ ಸಾಕು ಅನ್ನೋದು ಕಾಗದದ ಮೇಲಿನ ಮಾತು. ಎಂಟಾದರೂ ಇಲ್ಲದಿದ್ದರೆ ಹತ್ತು ಟ್ಯಾಬ್ ತೆರೆದಾಗ ಗೊತ್ತಾಗುತ್ತೆ. ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಹಳೇ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿ ಚಿಪ್‌ಗಳ ಬೆಲೆ ಏರಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೋರಾಟ, ಪತ್ರಿಕೋದ್ಯಮ, ಕಾನೂನು ನೆರವಿನಂಥ ಕೆಲಸದಲ್ಲಿರುವವರು ಎರಡು ವಿಷಯ ಗಮನಿಸಬೇಕು. ಒಂದು, ಖಾತೆ. ಹನ್ನೊಂದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಮೈಕ್ರೋಸಾಫ್ಟ್ ಖಾತೆ ಮತ್ತು ಇಂಟರ್ನೆಟ್ ಎರಡನ್ನೂ ಕೇಳುತ್ತೆ. ತಪ್ಪಿಸುವ ಒಳದಾರಿಗಳನ್ನು ಕಂಪನಿ ಒಂದೊಂದಾಗಿ ಮುಚ್ಚುತ್ತಿದೆ. ಹಾಗೆ ಲಾಗಿನ್ ಆದ ಹೊಸ ಇನ್‌ಸ್ಟಾಲೇಶನ್‌ಗಳಲ್ಲಿ ಡಿಸ್ಕ್ ತಾನಾಗೇ ಗೂಢಲಿಪಿಗೊಂಡು, ಬಿಡಿಸುವ 48 ಅಂಕಿಯ ಕೀಲಿ ನಿಮ್ಮ ಆನ್‌ಲೈನ್ ಖಾತೆಗೆ ಹೋಗುತ್ತೆ. ಲ್ಯಾಪ್‌ಟಾಪ್ ಕಳುವಾದರೆ ಇದು ವರ. ಆದರೆ ಖಾತೆಯ ಪಾಸ್‌ವರ್ಡ್ ಮರೆತರೆ ಫೈಲುಗಳೂ ಹೋದಂತೆ. ಕೀಲಿ ಕಂಪನಿಯ ಹತ್ತಿರ ಇದೆ ಅಂದರೆ ಕಾನೂನಿನ ಆದೇಶ ತಂದವರು ಕಂಪನಿಯ ಬಾಗಿಲು ತಟ್ಟಬಹುದು ಅಂತಲೂ ಅರ್ಥ. ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು ಎಲ್ಲಿರಬೇಕು, ಯಾರ ಹತ್ತಿರ ಇರಬಾರದು ಅನ್ನೋದನ್ನು ನೀವೇ ತೀರ್ಮಾನಿಸಿ.

ಎರಡು, ರೀಕಾಲ್. ಪರದೆಯ ಚಿತ್ರವನ್ನು ಆಗಾಗ ತೆಗೆದಿಟ್ಟು ಆಮೇಲೆ ಹುಡುಕಲು ಬಿಡುವ ಈ ಸೌಲಭ್ಯವನ್ನು 2024ರ ಮೇನಲ್ಲಿ ಘೋಷಿಸಿದಾಗ ಭದ್ರತಾ ತಜ್ಞರು ತರಾಟೆಗೆ ತೆಗೆದುಕೊಂಡರು. ಕಂಪನಿ ಹಿಂದೆ ಸರಿದು, ಬಳಕೆದಾರರೇ ಆನ್ ಮಾಡಿಕೊಂಡರೆ ಮಾತ್ರ ಅನ್ನುವಂತೆ ಬದಲಿಸಿ 2025ರ ಏಪ್ರಿಲ್‌ನಲ್ಲಿ ಬಿಟ್ಟಿತು. ವಾಟ್ಸಾಪ್‌ನಲ್ಲಿ ಓಡಾಡುವ "ಹನ್ನೊಂದು ಹಾಕಿದ್ರೆ ಎಲ್ಲ ಸ್ಕ್ರೀನ್‌ಶಾಟ್ ಅಮೆರಿಕಕ್ಕೆ ಹೋಗುತ್ತೆ" ಅನ್ನೋ ಮಾತು ತಪ್ಪು. ರೀಕಾಲ್ ಇರುವುದು ಎಐ ಚಿಪ್ ಇರುವ 'ಕೋಪೈಲಟ್ ಪ್ಲಸ್' ಮೆಷಿನ್‌ಗಳಲ್ಲಿ ಮಾತ್ರ, ಚಿತ್ರಗಳು ಅದರಲ್ಲೇ ಉಳಿಯುತ್ತವೆ. ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಅದು ಬರಲ್ಲ. ಹೊಸದು ಕೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಇದೆಯಾ ನೋಡಿಕೊಳ್ಳಿ, ಅಷ್ಟೇ.

ಅರ್ಹವಲ್ಲದಿದ್ದರೆ

ಇಲ್ಲಿ ನಾಲ್ಕು ದಾರಿ ಇವೆ. ಹೊಸ ಮೆಷಿನ್ ಕೊಳ್ಳೋದು ಅದರಲ್ಲಿ ಕೊನೆಯದು.

ಸದ್ಯಕ್ಕೆ ಸುಲಭದ್ದು ಇಎಸ್‌ಯು, ಅಂದರೆ ವಿಸ್ತರಿಸಿದ ಭದ್ರತಾ ಅಪ್‌ಡೇಟ್. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. 30 ಡಾಲರ್ ಕೊಡಬಹುದು, ಅಥವಾ ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ದುಡ್ಡೇ ಬೇಡ, ಅಥವಾ ಸಾವಿರ ರಿವಾರ್ಡ್ಸ್ ಪಾಯಿಂಟ್ ಕೊಟ್ಟರೂ ಆಗುತ್ತೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ 'ಎನ್‌ರೋಲ್' ಅಂತ ಬರುತ್ತೆ. ಒಂದು ಖಾತೆಯಿಂದ 10 ಮೆಷಿನ್‌ವರೆಗೆ ಸೇರಿಸಬಹುದು. ಇನ್ನೂ ಸೇರಿರದಿದ್ದರೆ ಲೇಖನ ಅರ್ಧಕ್ಕೆ ನಿಲ್ಲಿಸಿ ಅದನ್ನು ಮಾಡಿ ಬನ್ನಿ, ಯೋಚಿಸಲು ಸಮಯ ಸಿಗುತ್ತೆ.

ಎರಡನೆಯದು ಹಿಂಬಾಗಿಲು. ರೂಫಸ್‌ನಂಥ ಟೂಲ್ ಬಳಸಿ ಷರತ್ತುಗಳನ್ನು ದಾಟಿ ಹನ್ನೊಂದನ್ನು ಹಾಕಬಹುದು. ಬಹಳ ಜನ ಹಾಕಿಕೊಂಡಿದ್ದಾರೆ, ಕೆಲಸವೂ ಮಾಡುತ್ತೆ. ಆದರೆ ಇಂಥ ಮೆಷಿನ್‌ಗಳಿಗೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅದು ಸುಮ್ಮನೆ ಹೆದರಿಸುವ ಮಾತೂ ಅಲ್ಲ: 24ಎಚ್2 ಆವೃತ್ತಿ ಬಂದಾಗ ಕೋರ್ 2 ಡ್ಯುಯೊದಂಥ ಹಳೇ ಪ್ರೊಸೆಸರ್‌ಗಳಲ್ಲಿ ವಿಂಡೋಸ್ ಬೂಟ್ ಆಗುವುದೇ ನಿಂತಿತು. ನಿಮ್ಮ ಸ್ವಂತ ಮೆಷಿನ್‌ನಲ್ಲಿ ಆಟ ಆಡಿ, ಬೇಡ ಅನ್ನಲ್ಲ. ಸಂಘಟನೆಯ ಕಚೇರಿಯ, ಅಪ್ಪ-ಅಮ್ಮನ ಮೆಷಿನ್‌ಗೆ ಹಾಕಬೇಡಿ. ಕೈಕೊಟ್ಟ ದಿನ ನೀವು ಊರಲ್ಲಿರಲ್ಲ.

ಮೂರನೆಯದು ಲಿನಕ್ಸ್. ಉಬುಂಟು 24.04, ಲಿನಕ್ಸ್ ಮಿಂಟ್ 22 ಎರಡಕ್ಕೂ 2029ರವರೆಗೆ ಉಚಿತ ಅಪ್‌ಡೇಟ್ ಇದೆ, ಟಿಪಿಎಂ ಗೋಳಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಏನನ್ನೂ ಅಳಿಸದೆ ವೈಫೈ, ಸೌಂಡ್, ಪ್ರಿಂಟರ್ ನಡೆಯುತ್ತಾ ಅಂತ ನೋಡಬಹುದು. ನಿಮ್ಮ ಕೆಲಸದ ಬಹುಪಾಲು ಬ್ರೌಸರ್‌ನಲ್ಲೇ ಆದರೆ ಮೂರು ದಿನದಲ್ಲಿ ವ್ಯತ್ಯಾಸವೇ ಮರೆತುಹೋಗುತ್ತೆ. ಟ್ಯಾಲಿ, ಫೋಟೊಶಾಪ್, ಪೇಜ್‌ಮೇಕರ್ ಬೇಕೇಬೇಕು ಅನ್ನುವವರು ಈ ಕಡೆ ಬರಬೇಡಿ, ಜಗಳ ಆಗುತ್ತೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮೊದಲು ಡ್ರೈವರ್ ಇದೆಯಾ ವಿಚಾರಿಸಿ.

ಕನ್ನಡ ಟೈಪಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಲಿನಕ್ಸ್‌ನಲ್ಲಿ ಐಬಸ್ ಜೊತೆ ಎಂ17ಎನ್ ಅನ್ನೋ ಪ್ಯಾಕೇಜ್ ಹಾಕಿಕೊಂಡರೆ ನುಡಿಯಲ್ಲಿ ನಿಮಗೆ ರೂಢಿಯಾದ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಗುಬ್ಬಿ, ನವಿಲು ಅನ್ನೋ ಮುದ್ದಾದ ಫಾಂಟ್‌ಗಳೂ ಇವೆ. ನಿಜವಾದ ತೊಡಕು ಹಳೇ ಫೈಲುಗಳದ್ದು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫೈಲುಗಳಲ್ಲಿ ಒಳಗಡೆ ಇರುವುದು ಇಂಗ್ಲಿಷ್ ಅಕ್ಷರ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿರುತ್ತೆ. ಆ ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ ಕಾಗೆ-ಗುಬ್ಬಿ ಬಿಡಿಸಿದ ಹಾಗೆ ಕಾಣುತ್ತೆ. ವಿಂಡೋಸ್ 11ಕ್ಕೇ ಹೋಗುವುದಾದರೂ ಈ ಫೈಲುಗಳನ್ನು ಈಗಲೇ ಪರಿವರ್ತಕಗಳಲ್ಲಿ ಹಾಕಿ ಯೂನಿಕೋಡ್ ಮಾಡಿಡಿ. ಪರಿವರ್ತನೆ ಆದಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಬೇಕು, ಅಲ್ಲೇ ಎಡವಟ್ಟಾಗೋದು.

ಕದ್ದ ಪ್ರತಿ ಬಳಸುವವರ ಬಗ್ಗೆಯೂ ಒಂದು ಮಾತು. ನೀತಿ ಪಾಠ ಅಲ್ಲ. ಆ್ಯಕ್ಟಿವೇಟ್ ಮಾಡಲು ಇಳಿಸಿಕೊಳ್ಳುವ ಕ್ರ್ಯಾಕ್‌ಗಳು "ಆಂಟಿವೈರಸ್ ಆಫ್ ಮಾಡಿ" ಅನ್ನುತ್ತವಲ್ಲ, ಮಾಲ್‌ವೇರ್ ಒಳಬರುವ ರಾಜಬೀದಿ ಅದು. ಆ ರಿಸ್ಕ್‌ಗಿಂತ ಮಿಂಟ್ ಹಾಕಿಕೊಳ್ಳೋದು ಎಷ್ಟೋ ವಾಸಿ.

ಕೊಳ್ಳಲೇಬೇಕು ಅಂದರೆ ಕಂಪನಿಗಳಿಂದ ಹೊರಬಿದ್ದ ಎಂಟನೇ ತಲೆಮಾರು ಅಥವಾ ನಂತರದ ರೀಫರ್ಬಿಶ್ಡ್ ಬಿಸಿನೆಸ್ ಲ್ಯಾಪ್‌ಟಾಪ್ ನೋಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸುತ್ತಿದರೆ ಸಿಗುತ್ತವೆ. ಬ್ಯಾಟರಿ ನೋಡಿ, ಬಿಲ್ ಕೇಳಿ.

ಯಾರ ತೀರ್ಮಾನ ಇದು?

ಇಷ್ಟೂ ಹೊತ್ತು ಇದನ್ನು ನಿಮ್ಮ ವೈಯಕ್ತಿಕ ಆಯ್ಕೆ ಅನ್ನುವಂತೆ ಬರೆದೆ. ಅದು ಅರ್ಧ ಸತ್ಯ. ವಿಂಡೋಸ್ 10 ಬಂದ 2015ರಲ್ಲಿ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಇದೇ ಕೊನೆಯ ವಿಂಡೋಸ್ ಅಂದಿದ್ದರು, ಕಂಪನಿಯೂ ಅದನ್ನು ಗಟ್ಟಿಯಾಗಿ ಅಲ್ಲಗಳೆಯಲಿಲ್ಲ. ಆರು ವರ್ಷಕ್ಕೆ ಹನ್ನೊಂದು ಬಂತು. 24 ಕೋಟಿ ಕಂಪ್ಯೂಟರ್‌ಗಳು ಇದರಿಂದ ಕಸವಾಗಬಹುದು ಅಂತ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಕ್ಯಾನಲಿಸ್ 2023ರ ಕೊನೆಯಲ್ಲಿ ಅಂದಾಜು ಮಾಡಿತು. ಅವು ಕೆಟ್ಟ ಕಂಪ್ಯೂಟರ್‌ಗಳಲ್ಲ.

ಇಎಸ್‌ಯು ದರಪಟ್ಟಿಯನ್ನು ರಾಜಕೀಯವಾಗಿ ಓದಿ. ಸಂಸ್ಥೆಗಳಿಗೆ ಮೊದಲ ವರ್ಷ ಒಂದು ಮೆಷಿನ್‌ಗೆ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ಶಾಲೆಗಳಿಗೆ 1, 2, 4 ಡಾಲರ್. ಒಂದೇ ತೇಪೆ, ಒಂದೇ ಕೋಡ್. ಅಂದರೆ ಈ ಬೆಲೆ ತೇಪೆ ಮಾಡುವ ಖರ್ಚಿನದ್ದಲ್ಲ, ನಿಮ್ಮನ್ನು ಹೊಸದರ ಕಡೆ ತಳ್ಳುವ ಬಲದ್ದು. ಯುರೋಪಿನ ಗ್ರಾಹಕ ಸಂಘಟನೆಗಳು ಗಲಾಟೆ ಮಾಡಿದ್ದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮನೆ ಬಳಕೆದಾರರಿಗೆ ಬ್ಯಾಕಪ್ ಷರತ್ತನ್ನೇ ಕೈಬಿಟ್ಟು ಉಚಿತ ಮಾಡಲಾಯಿತು. ಆ ವಿನಾಯಿತಿ ಭಾರತದ ಬಳಕೆದಾರರಿಗೆ ಸಿಗಲಿಲ್ಲ.

ಮನೆಯ ಲ್ಯಾಪ್‌ಟಾಪ್ ಬಿಡಿ, ನಮ್ಮ ಪಹಣಿ, ಪಡಿತರ, ಆಸ್ಪತ್ರೆ ದಾಖಲೆಗಳಿಗೆ ಕೈಹಾಕುವ ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳ ಬಗ್ಗೆ ಯಾರು ಕೇಳಬೇಕು? ಸಾಧ್ಯವಿರುವ ಕಡೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಕೊಡದಿದ್ದರೆ ಕಾರಣ ಹೇಳಬೇಕು ಅನ್ನುವ ನೀತಿಯನ್ನು ಕೇಂದ್ರ ಸರ್ಕಾರವೇ 2015ರಲ್ಲಿ ಮಾಡಿದೆ. ಕೇರಳದ ಸರ್ಕಾರಿ ಶಾಲೆಗಳು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. ಅಲ್ಲಿನ 'ಕೈಟ್' ಸಂಸ್ಥೆ ತನ್ನದೇ ಆವೃತ್ತಿ ಸಿದ್ಧಪಡಿಸಿ ಶಿಕ್ಷಕರಿಗೆ ತರಬೇತಿ ಕೊಡುತ್ತೆ. ಗುಟ್ಟು ಇರೋದು ಆ ತರಬೇತಿಯಲ್ಲಿ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗುವ ನಿರ್ಧಾರ ಮಾಡಿ 2017ರಲ್ಲಿ ವಾಪಸ್ ವಿಂಡೋಸ್‌ಗೆ ಮತ ಹಾಕಿತು ಅನ್ನೋದನ್ನೂ ಮುಚ್ಚಿಡಬಾರದು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳನ್ನು ಮುಕ್ತ ತಂತ್ರಾಂಶಕ್ಕೆ ಸಾಗಿಸುವುದಾಗಿ ಘೋಷಿಸಿತು.

ಕೇಳಲು ದಾರಿ ಇದೆ: ಆರ್‌ಟಿಐ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಯಾವ ಮೆಷಿನ್‌ನಲ್ಲಿ ಯಾವ ದೋಷ ಅಂತೆಲ್ಲ ಕೇಳಿದರೆ ಭದ್ರತೆಯ ನೆಪ ಹೇಳಿ ತಿರಸ್ಕರಿಸುತ್ತಾರೆ. ಹಾಗಾಗಿ ಲೆಕ್ಕ ಮಾತ್ರ ಕೇಳಿ. ನಿಮ್ಮ ಜಿಲ್ಲಾ ಕಚೇರಿಯಲ್ಲಿ ಒಟ್ಟು ಎಷ್ಟು ಕಂಪ್ಯೂಟರ್‌ಗಳಿವೆ, 2025ರ ಅಕ್ಟೋಬರ್ 14ರ ನಂತರವೂ ವಿಂಡೋಸ್ 10 ಅಥವಾ ಅದಕ್ಕೂ ಹಳೆಯ ಆವೃತ್ತಿಯಲ್ಲಿ ಎಷ್ಟು ಓಡುತ್ತಿವೆ, ಅವುಗಳಲ್ಲಿ ಎಷ್ಟಕ್ಕೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಳ್ಳಲಾಗಿದೆ, ಎಷ್ಟು ಹಣಕ್ಕೆ, ಬದಲಿಸಿದ ಮೆಷಿನ್‌ಗಳನ್ನು ಯಾವ ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಕೊಡಲಾಗಿದೆ. ಇಷ್ಟು 150 ಪದದೊಳಗೆ ಆರಾಮಾಗಿ ಹಿಡಿಯುತ್ತೆ. ನಾನು ಒಂದು ಹಾಕುತ್ತಿದ್ದೇನೆ. ನಿಮ್ಮ ಜಿಲ್ಲೆಯಿಂದ ನೀವು ಹಾಕಿದರೆ ಉತ್ತರದ ಪ್ರತಿ ಕಳಿಸಿ, ಪಕ್ಕಪಕ್ಕ ಇಟ್ಟು ಓದೋಣ.